ಕಾರ್ಡಿನ ನಾಲ್ಕು ಮೂಲೆ, ನಾಲ್ಕು ಹೆಸರು

ಪ್ರಶ್ನೆ: ನಾನು ಕಾನೂನು ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ಮುಂದೆ ಸರ್ಕಾರಿ ಅಭಿಯೋಜಕಿಯಾಗಬೇಕೆಂಬ ಆಸೆಯಿದೆ. ಅಮೆರಿಕದಲ್ಲಿ ಅಭಿಯೋಜಕರು ಚುನಾವಣೆಯಲ್ಲಿ ಗೆದ್ದು ಬರುತ್ತಾರೆ, ಆಮೇಲೆ ಅದೇ ಏಣಿ ಹತ್ತಿ ಗವರ್ನರ್, ಸೆನೆಟರ್ ಆಗುತ್ತಾರೆ ಎಂದು ಓದಿದೆ. ಅಲಬಾಮಾ ರಾಜ್ಯ ಸರ್ಕಾರದ ಮುಖ್ಯ ವಕೀಲರಾಗಿದ್ದ (ಅಟಾರ್ನಿ ಜನರಲ್) ಬಿಲ್ ಬ್ಯಾಕ್ಸ್‌ಲಿ ಅವರ ಹೆಸರು ಆಗ ಕಣ್ಣಿಗೆ ಬಿತ್ತು. ಚರ್ಚ್‌ಗೆ ಬಾಂಬ್ ಇಟ್ಟ ಪ್ರಕರಣವನ್ನು ಅವರು 14 ವರ್ಷಗಳ ನಂತರ ವಿಚಾರಣೆಗೆ ತಂದದ್ದು ನ್ಯಾಯಕ್ಕೋ, ಚುನಾವಣೆಯ ಮತಕ್ಕೋ? ಮತ ಕೇಳಬೇಕಾದವರ ಕೈಯಲ್ಲಿ ಮೊಕದ್ದಮೆ ಇರುವುದು ಸರಿಯೇ? (ಮೈಸೂರಿನ ಓದುಗರೊಬ್ಬರು)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜಿಲ್ಲಾ ನ್ಯಾಯಾಲಯಗಳಲ್ಲಿ ದೀರ್ಘಕಾಲ ಸರ್ಕಾರದ ಪರ ವಾದಿಸಿದವನು ನಾನು. ಈ ಮೊಕದ್ದಮೆ ಯಾರಿಗಾಗಿ ಎಂಬ ಪ್ರಶ್ನೆ ಆ ಕೆಲಸದಲ್ಲಿ ಒಂದಲ್ಲ ಒಂದು ರೂಪದಲ್ಲಿ ದಿನವೂ ಎದುರಾಗುತ್ತದೆ. ಬ್ಯಾಕ್ಸ್‌ಲಿ ಅವರ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಮಹತ್ವಾಕಾಂಕ್ಷಿ ರಾಜಕಾರಣಿ, ಗವರ್ನರ್ ಹುದ್ದೆಗೆ ಎರಡು ಸಲ ಪಟ್ಟು ಹಿಡಿದು ಹೋರಾಡಿದವರು. ಆದರೆ ಆ ಮೊಕದ್ದಮೆಯನ್ನು ಮತಕ್ಕಾಗಿ ನಡೆಸಿದರು ಎಂದು ನಾನು ಒಪ್ಪುವುದಿಲ್ಲ. ಅಂದಿನ ಅಲಬಾಮಾದಲ್ಲಿ ಮತವೇ ಮುಖ್ಯವಾಗಿದ್ದರೆ ಆ ಕಡತವನ್ನು ಮುಟ್ಟದಿರುವುದೇ ಜಾಣತನವಾಗಿತ್ತು. ಹಾಗೆಂದು ಮತಕ್ಕೂ ಆ ಮೊಕದ್ದಮೆಗೂ ಸಂಬಂಧವೇ ಇಲ್ಲ ಎಂದುಕೊಳ್ಳಬೇಡಿ. ಕಡತ ಅಷ್ಟು ವರ್ಷ ಧೂಳು ಹಿಡಿದದ್ದಕ್ಕೂ ಕೊನೆಗೆ ಅದನ್ನು ಬಿಚ್ಚುವವರೊಬ್ಬರು ಬಂದದ್ದಕ್ಕೂ ಆ ರಾಜ್ಯದಲ್ಲಿ ಯಾರಿಗೆ ಮತವಿತ್ತು, ಯಾರಿಗೆ ಇರಲಿಲ್ಲ ಎಂಬುದೇ ಕಾರಣ.

ಹುದ್ದೆಯ ಬಗ್ಗೆ ಎರಡು ಮಾತು. ನಮ್ಮ ರಾಜ್ಯದ ಅಡ್ವೊಕೇಟ್ ಜನರಲ್ ಅವರನ್ನು ಸಂವಿಧಾನದ 165ನೆಯ ವಿಧಿಯಂತೆ ರಾಜ್ಯಪಾಲರು ನೇಮಿಸುತ್ತಾರೆ. ಸೆಷನ್ಸ್ ನ್ಯಾಯಾಲಯಗಳ ಅಭಿಯೋಜಕರ ನೇಮಕ ಸರ್ಕಾರದ್ದು. ಅಮೆರಿಕದ 50 ರಾಜ್ಯಗಳ ಪೈಕಿ 43ರಲ್ಲಿ ಅಟಾರ್ನಿ ಜನರಲ್ ಜನರ ಮತದಿಂದ ಆಯ್ಕೆಯಾಗುತ್ತಾರೆ. ಜಿಲ್ಲಾ ಮಟ್ಟದ ಡಿಸ್ಟ್ರಿಕ್ಟ್ ಅಟಾರ್ನಿಗಳೂ ಬಹುತೇಕ ರಾಜ್ಯಗಳಲ್ಲಿ ಚುನಾಯಿತರೇ. ಯಾರ ಮೇಲೆ ಆರೋಪ ಹೊರಿಸಬೇಕು, ಯಾರನ್ನು ಕೈಬಿಡಬೇಕು ಎಂದು ತೀರ್ಮಾನಿಸುವ ವ್ಯಕ್ತಿ ಕೆಲವು ವರ್ಷಗಳಿಗೊಮ್ಮೆ ಮತದಾರರ ಮುಂದೆ ನಿಲ್ಲಬೇಕು. ಇನ್ನೊಂದು ಸಂಗತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ: ಕೊಲೆ ಅಲ್ಲಿ ಮುಖ್ಯವಾಗಿ ರಾಜ್ಯದ ಕಾನೂನಿಗೆ ಸೇರಿದ ಅಪರಾಧ, ಅದಕ್ಕೆ ಕಾಲಮಿತಿಯಿಲ್ಲ. ನಾಗರಿಕ ಹಕ್ಕುಗಳ ಉಲ್ಲಂಘನೆಗೆ ಕೇಂದ್ರ ಸರ್ಕಾರ ಹೂಡಬಹುದಾಗಿದ್ದ ಮೊಕದ್ದಮೆಗೆ ಆಗ ಐದು ವರ್ಷದ ಗಡುವಿತ್ತು.

ಈಗ 1963ರ ಸೆಪ್ಟೆಂಬರ್ 15ಕ್ಕೆ ಬನ್ನಿ. ಅಂದು ಭಾನುವಾರ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದ 16ನೇ ಬೀದಿಯಲ್ಲಿದ್ದ ಕಪ್ಪು ಜನರ ಬ್ಯಾಪ್ಟಿಸ್ಟ್ ಚರ್ಚ್‌ನ ಮೆಟ್ಟಿಲ ಕೆಳಗೆ ಯಾರೋ ಇಟ್ಟಿದ್ದ ಡೈನಮೈಟ್ ಬೆಳಿಗ್ಗೆ 10 ಗಂಟೆ 22 ನಿಮಿಷಕ್ಕೆ ಸಿಡಿಯಿತು. ಒಳಗೆ ನೆಲಮಾಳಿಗೆಯಲ್ಲಿ ಆರಾಧನೆಗೆ ಸಿದ್ಧವಾಗುತ್ತಿದ್ದ ನಾಲ್ವರು ಹುಡುಗಿಯರು ಸತ್ತರು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್, ಮೂವರಿಗೂ 14 ವರ್ಷ. ಕ್ಯಾರೊಲ್ ಡೆನಿಸ್ ಮೆಕ್‌ನೇರ್‌ಗೆ 11. ಆಡಿ ಮೇಯ ತಂಗಿ ಸಾರಾ ಒಂದು ಕಣ್ಣು ಕಳೆದುಕೊಂಡಳು. ಚರ್ಚ್‌ನ ಬಣ್ಣದ ಗಾಜಿನ ಕಿಟಕಿಯೊಂದರಲ್ಲಿ ಯೇಸುವಿನ ಚಿತ್ರವಿತ್ತು. ಸ್ಫೋಟದಲ್ಲಿ ಆ ಚಿತ್ರದ ಮುಖದ ಭಾಗವಷ್ಟೇ ಹಾರಿಹೋಗಿ ಉಳಿದದ್ದು ಚೌಕಟ್ಟಿನಲ್ಲೇ ನಿಂತಿತ್ತು.

ಮಾಡಿದವರು ಯಾರೆಂಬುದು ದೊಡ್ಡ ಗುಟ್ಟಾಗಿರಲಿಲ್ಲ. ಬಿಳಿಯರ ಮೇಲ್ಮೆಗಾಗಿ ಹಿಂಸೆ ನಡೆಸುವ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪಿನ ಸದಸ್ಯ ರಾಬರ್ಟ್ ಚೇಂಬ್ಲಿಸ್‌ನನ್ನು ಊರವರು 'ಡೈನಮೈಟ್ ಬಾಬ್' ಎಂದೇ ಕರೆಯುತ್ತಿದ್ದರು. ಪರವಾನಗಿ ಇಲ್ಲದೆ ಡೈನಮೈಟ್ ಇಟ್ಟುಕೊಂಡಿದ್ದಕ್ಕೆ ಅವನಿಗೆ ಆ ವರ್ಷ 100 ಡಾಲರ್ ದಂಡ ಬಿತ್ತು, ಅಷ್ಟೇ. 1965ರ ಹೊತ್ತಿಗೆ ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐ ಕೈಯಲ್ಲಿ ನಾಲ್ಕು ಹೆಸರುಗಳಿದ್ದವು: ಚೇಂಬ್ಲಿಸ್, ಥಾಮಸ್ ಬ್ಲಾಂಟನ್, ಬಾಬಿ ಫ್ರಾಂಕ್ ಚೆರ್ರಿ, ಹರ್ಮನ್ ಕ್ಯಾಶ್. ಬರ್ಮಿಂಗ್‌ಹ್ಯಾಮ್ ಕಚೇರಿಯವರು ಮೊಕದ್ದಮೆ ಹೂಡಬೇಕೆಂದು ಶಿಫಾರಸು ಮಾಡಿದರು. ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಶಿಕ್ಷೆಯಾಗುವ ಸಂಭವ ತೀರಾ ಕಡಿಮೆ ಎಂದು ಒಪ್ಪಿಗೆ ಕೊಡಲಿಲ್ಲ. 1968ರಲ್ಲಿ ಕಡತ ಮುಚ್ಚಿತು. ಕೇಂದ್ರದ ಗಡುವೂ ಅದೇ ವರ್ಷ ತೀರಿತು.

ಬ್ಯಾಕ್ಸ್‌ಲಿ ಆಗ ಎಲ್ಲಿದ್ದರು? 1941ರಲ್ಲಿ ರಾಜ್ಯದ ಆಗ್ನೇಯ ಮೂಲೆಯ ಡೋಥನ್ ಎಂಬ ಊರಿನಲ್ಲಿ ಹುಟ್ಟಿದ ಬಿಳಿಯ ಹುಡುಗ. ತಂದೆ ನ್ಯಾಯಾಧೀಶರು. ಬಾಂಬ್ ಸಿಡಿದಾಗ ಟಸ್ಕಲೂಸಾದ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಈಗಿನ ನಿಮ್ಮಂತೆಯೇ ಕಾನೂನು ಓದುತ್ತಿದ್ದರು. ಆ ವರ್ಷದ ಜೂನ್‌ನಲ್ಲಿ ಅದೇ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತು ಗವರ್ನರ್ ಜಾರ್ಜ್ ವಾಲೆಸ್ ಇಬ್ಬರು ಕಪ್ಪು ವಿದ್ಯಾರ್ಥಿಗಳ ಪ್ರವೇಶ ತಡೆಯಲು ಯತ್ನಿಸಿದ್ದರು. ಅದಾಗಿ ಮೂರೇ ತಿಂಗಳಿಗೆ ಬಾಂಬ್. ಸುದ್ದಿ ಕೇಳಿ ಹೊಟ್ಟೆ ತೊಳಸಿದಂತಾಯಿತು, ಮುಂದೊಂದು ದಿನ ಇದಕ್ಕೇನಾದರೂ ಮಾಡಲೇಬೇಕು ಎಂದುಕೊಂಡೆ ಎಂದು ಅವರು ನಂತರ ಹಲವು ಸಲ ಹೇಳಿದ್ದಾರೆ. ಇಂಥ ಮಾತನ್ನು ಬೇರೆ ರಾಜಕಾರಣಿ ಹೇಳಿದ್ದರೆ ನಾನೂ ಅನುಮಾನಪಡುತ್ತಿದ್ದೆ. ಇವರ ವಿಷಯದಲ್ಲಿ ನಂಬುತ್ತೇನೆ, ಅದಕ್ಕೆ ಒಂದು ಚಿಕ್ಕ ಕಾರ್ಡು ಕಾರಣ.

ಡೋಥನ್‌ನಲ್ಲಿ ಇಪ್ಪತ್ತರ ಹರೆಯದಲ್ಲೇ ಡಿಸ್ಟ್ರಿಕ್ಟ್ ಅಟಾರ್ನಿಯಾದ ಬ್ಯಾಕ್ಸ್‌ಲಿ 1970ರಲ್ಲಿ ಹಾಲಿ ಅಟಾರ್ನಿ ಜನರಲ್ ಅವರನ್ನೇ ಸೋಲಿಸಿ ಆ ಸ್ಥಾನಕ್ಕೆ ಬಂದರು. ಅಧಿಕಾರ ವಹಿಸಿಕೊಂಡದ್ದು 1971ರ ಜನವರಿಯಲ್ಲಿ, ವಯಸ್ಸು 29. ದೇಶದಲ್ಲೇ ಅತಿ ಕಿರಿಯ ಅಟಾರ್ನಿ ಜನರಲ್. ದೂರದ ಊರುಗಳಿಗೆ ಸರ್ಕಾರಿ ಖರ್ಚಿನಲ್ಲಿ ಫೋನ್ ಮಾಡಲು ಅವರಿಗೊಂದು ಕಾರ್ಡು ಕೊಟ್ಟಿದ್ದರು, ಕರೆ ಮಾಡುವಾಗಲೆಲ್ಲ ಅದರ ಮೇಲಿನ ಅಂಕಿ ನೋಡಿ ಹೇಳಬೇಕು. ಬ್ಯಾಕ್ಸ್‌ಲಿ ಆ ಕಾರ್ಡಿನ ನಾಲ್ಕು ಮೂಲೆಗಳಲ್ಲಿ ನಾಲ್ವರು ಹುಡುಗಿಯರ ಹೆಸರು ಬರೆದುಕೊಂಡರು. ಯಾವ ಕೆಲಸಕ್ಕೆ ಫೋನ್ ಎತ್ತಿದರೂ ಆ ಹೆಸರುಗಳು ಕಣ್ಣಿಗೆ ಬೀಳಬೇಕು ಎಂದು. ಕಡತಗಳ ರಾಶಿಯಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು. ನೊಂದವರು ಹೋಗಿ ಕ್ರಮಸಂಖ್ಯೆ ಉಳಿಯುವುದು ನಮ್ಮ ಕೆಲಸದ ದೊಡ್ಡ ರೋಗ.

ಮತದ ಸಂಗತಿ ಬರುವುದು ಇಲ್ಲಿ. 1965ರ ಆಗಸ್ಟ್‌ನಲ್ಲಿ ಮತದಾನ ಹಕ್ಕು ಕಾಯ್ದೆ ಜಾರಿಗೆ ಬಂತು. ಅದಕ್ಕೆ ಮೊದಲು ಅಲಬಾಮಾದ ಅರ್ಹ ಕಪ್ಪು ಜನರಲ್ಲಿ ನೂರಕ್ಕೆ 20ರಷ್ಟು ಮಂದಿಯೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಅಕ್ಷರ ಪರೀಕ್ಷೆ, ತಲೆಗಂದಾಯ, ಬೆದರಿಕೆ ಎಲ್ಲವೂ ಅಡ್ಡಬರುತ್ತಿದ್ದವು. ಎರಡೇ ವರ್ಷದಲ್ಲಿ ಅದು ಅರ್ಧವನ್ನು ದಾಟಿತು. 1966ರಲ್ಲಿ ಫೆಡರಲ್ ನ್ಯಾಯಾಲಯವೊಂದು ಅಲಬಾಮಾದ ಜ್ಯೂರಿಗಳಿಂದ, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ನಾಗರಿಕರ ತಂಡಗಳಿಂದ, ಮಹಿಳೆಯರನ್ನೂ ಕಪ್ಪು ಜನರನ್ನೂ ಹೊರಗಿಡುವುದು ಸಂವಿಧಾನಬಾಹಿರ ಎಂದಿತು. ಅಂದರೆ 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಯಾವ ಅಭಿಯೋಜಕನಾದರೂ ಧೈರ್ಯ ಮಾಡಿ ಚೇಂಬ್ಲಿಸ್‌ನನ್ನು ಕಟಕಟೆಗೆ ತಂದಿದ್ದರೂ ಎದುರಿಗೆ ಕೂರುತ್ತಿದ್ದವರು ಬಿಳಿಯ ಗಂಡಸರು. ಆ ಅಭಿಯೋಜಕನಿಗೆ ಮುಂದಿನ ಸಲ ಮತ ಹಾಕಬೇಕಿದ್ದವರೂ ಬಹುತೇಕ ಬಿಳಿಯರೇ. 1970ರ ವೇಳೆಗೆ ಎರಡೂ ಬದಲಾಗಿದ್ದವು. ಪೂರ್ತಿಯಾಗಿ ಅಲ್ಲ: ಬ್ಯಾಕ್ಸ್‌ಲಿ ಗೆದ್ದ ಅದೇ ವರ್ಷ ಅದೇ ರಾಜ್ಯದ ಮತದಾರರು ಜಾರ್ಜ್ ವಾಲೆಸ್ ಅವರನ್ನೂ ಗವರ್ನರ್ ಮಾಡಿದರು, ಅದೂ ಬಹಿರಂಗವಾಗಿ ವರ್ಣದ್ವೇಷದ ಪ್ರಚಾರ ನಡೆಸಿದ ಮೇಲೆ. ಇಂಥ ಮತದಾರರನ್ನು ನಂಬಿಕೊಂಡು ಆ ಕಡತ ಬಿಚ್ಚಿದರು ಎಂಬುದನ್ನು ಮರೆಯಬೇಡಿ.

ಕಡತ ಬಿಚ್ಚಿದರೂ ಒಳಗೆ ಹೆಚ್ಚೇನೂ ಇರಲಿಲ್ಲ. ಇದ್ದದ್ದೆಲ್ಲ ಎಫ್‌ಬಿಐ ಬಳಿ. ಬ್ಯಾಕ್ಸ್‌ಲಿ ಕೇಳಿದರು, ಕೊಡಲಿಲ್ಲ. ವರ್ಷಗಟ್ಟಲೆ ಕೇಳಿದರು. ಕೊನೆಗೆ 'ಲಾಸ್ ಏಂಜಲಿಸ್ ಟೈಮ್ಸ್' ಪತ್ರಿಕೆಯ ಜಾಕ್ ನೆಲ್ಸನ್ ಎಂಬ ಹಿರಿಯ ಪತ್ರಕರ್ತರ ಮುಂದೆ ಹೇಳಿಕೊಂಡರು. ಸತ್ತ ಮಕ್ಕಳ ತಂದೆತಾಯಿಯರನ್ನು ವಾಷಿಂಗ್ಟನ್‌ಗೆ ಕರೆತಂದು, ಕೊಲೆಗಾರರ ವಿರುದ್ಧದ ಸಾಕ್ಷ್ಯವನ್ನು ಕೇಂದ್ರ ಸರ್ಕಾರವೇ ಬಚ್ಚಿಟ್ಟುಕೊಂಡಿದೆ ಎಂದು ಎಲ್ಲರೆದುರು ಹೇಳುವುದಕ್ಕೂ ಸಿದ್ಧ ಎಂದರು. ನೆಲ್ಸನ್ ಆ ಮಾತನ್ನು ನ್ಯಾಯ ಇಲಾಖೆಗೆ ಮುಟ್ಟಿಸಿದ ಮೇಲೆಯೇ ಬಾಗಿಲು ಸ್ವಲ್ಪ ತೆರೆದದ್ದು. ಬ್ಯಾಕ್ಸ್‌ಲಿಯವರ ತನಿಖಾಧಿಕಾರಿ ಬಾಬ್ ಎಡ್ಡಿ ಬರ್ಮಿಂಗ್‌ಹ್ಯಾಮ್‌ನ ಎಫ್‌ಬಿಐ ಕಚೇರಿಯಲ್ಲೇ ಕುಳಿತು ಕಾಗದ ತಿರುವಿ ಹಾಕಿದರು. ಕೊಟ್ಟದ್ದು ಎಲ್ಲವನ್ನೂ ಅಲ್ಲ ಎಂಬುದು ಅವರಿಗೆ ಆಗ ತಿಳಿದಿರಲಿಲ್ಲ. ಆ ಮಾತಿಗೆ ಮತ್ತೆ ಬರುತ್ತೇನೆ.

ಈ ಒಂದು ಮೊಕದ್ದಮೆಯನ್ನಷ್ಟೇ ನೋಡಿದರೆ ಮನುಷ್ಯ ಅರ್ಥವಾಗುವುದಿಲ್ಲ. 1972ರಲ್ಲಿ ಅವರು ಮೈರನ್ ಥಾಂಪ್ಸನ್ ಎಂಬ ಯುವ ವಕೀಲರನ್ನು ಸಹಾಯಕ ಅಟಾರ್ನಿ ಜನರಲ್ ಆಗಿ ತೆಗೆದುಕೊಂಡರು. ಅಲಬಾಮಾದಲ್ಲಿ ಆ ಹುದ್ದೆಗೇರಿದ ಮೊದಲ ಕಪ್ಪು ವ್ಯಕ್ತಿ ಅವರು, ಮುಂದೆ ಫೆಡರಲ್ ನ್ಯಾಯಾಧೀಶರಾದರು. 1957ರಲ್ಲಿ ವಿಲ್ಲಿ ಎಡ್ವರ್ಡ್ಸ್ ಎಂಬ ಕಪ್ಪು ಟ್ರಕ್ ಚಾಲಕನನ್ನು ಕ್ಲಾನ್‌ನವರು ಸೇತುವೆಯಿಂದ ಅಲಬಾಮಾ ನದಿಗೆ ಹಾರುವಂತೆ ಮಾಡಿ ಕೊಂದಿದ್ದರು. 1976ರಲ್ಲಿ ಬ್ಯಾಕ್ಸ್‌ಲಿ ಆ ಪ್ರಕರಣದಲ್ಲಿ ಮೂವರನ್ನು ಬಂಧಿಸಿದರು, ಆದರೆ ಸಾವಿಗೆ ಕಾರಣವೇನೆಂದು ನಮೂದಾಗಿಲ್ಲ ಎಂದು ನ್ಯಾಯಾಧೀಶರು ಆರೋಪಪಟ್ಟಿಯನ್ನೇ ವಜಾ ಮಾಡಿದರು. ಅದು ಸೋಲು. ಸ್ಕಾಟ್ಸ್‌ಬರೊ ಪ್ರಕರಣವನ್ನು ನೀವು ಪಠ್ಯದಲ್ಲಿ ಓದಿರಬಹುದು. 1931ರಲ್ಲಿ ಸುಳ್ಳು ಅತ್ಯಾಚಾರದ ಆರೋಪ ಹೊತ್ತ ಒಂಬತ್ತು ಕಪ್ಪು ಹುಡುಗರ ಪೈಕಿ ಕ್ಲಾರೆನ್ಸ್ ನಾರಿಸ್ ಎಂಬವರು 1946ರಲ್ಲಿ ಪೆರೋಲ್ ಮುರಿದು ನ್ಯೂಯಾರ್ಕ್ ಸೇರಿ ಅಲ್ಲೇ ಬದುಕುತ್ತಿದ್ದರು. ಅವರು ನಿರಪರಾಧಿ, ಕ್ಷಮೆ ಕೊಡಿ ಎಂದು ಪೆರೋಲ್ ಮಂಡಳಿಯನ್ನು ಒತ್ತಾಯಿಸಿದವರು ಇದೇ ಅಟಾರ್ನಿ ಜನರಲ್. 1976ರ ಅಕ್ಟೋಬರ್‌ನಲ್ಲಿ ಕ್ಷಮಾಪತ್ರಕ್ಕೆ ಸಹಿ ಬಿತ್ತು, ಸಹಿ ಮಾಡಿದವರು ಜಾರ್ಜ್ ವಾಲೆಸ್. ತನ್ನದೇ ರಾಜ್ಯ 45 ವರ್ಷಗಳ ಹಿಂದೆ ಗೆದ್ದ ಮೊಕದ್ದಮೆ ತಪ್ಪಾಗಿತ್ತು ಎಂದು ರಾಜ್ಯದ ವಕೀಲರೇ ಬರೆದುಕೊಡುವುದು ಸುಲಭದ ಕೆಲಸವಲ್ಲ. ಅಭಿಯೋಜಕಿಯಾಗಲು ಹೊರಟ ನೀವು ಚರ್ಚ್ ಮೊಕದ್ದಮೆಯಷ್ಟೇ ಗಮನವಿಟ್ಟು ಇದನ್ನೂ ಓದಬೇಕು.

ಬೆದರಿಕೆಗಳು ಬಂದೇ ಬಂದವು. 1976ರ ಫೆಬ್ರವರಿಯಲ್ಲಿ ಬಿಳಿಯರ ಮೇಲ್ಮೆ ಸಾರುವ ಪಕ್ಷವೊಂದರ ನಾಯಕ ಎಡ್ವರ್ಡ್ ಫೀಲ್ಡ್ಸ್ ಹೀನಾಯ ಭಾಷೆಯಲ್ಲಿ ಪತ್ರ ಬರೆದು ಉತ್ತರ ಕೇಳಿದ. ಬ್ಯಾಕ್ಸ್‌ಲಿ ಅಟಾರ್ನಿ ಜನರಲ್ ಕಚೇರಿಯ ಲೆಟರ್‌ಹೆಡ್‌ನಲ್ಲಿ ದಿನಾಂಕ ಹಾಕಿ, ನಿಮ್ಮ ಪತ್ರಕ್ಕೆ ನನ್ನ ಉತ್ತರ ಇದು ಎಂದು ಮೂರೇ ಪದಗಳ ಬೈಗುಳ ಬರೆದು, ಕೆಳಗೆ ಸಹಿ ಮಾಡಿ ಕಳುಹಿಸಿದರು. ಆ ಪದಗಳನ್ನು ಇಲ್ಲಿ ಅಚ್ಚು ಮಾಡಲಾರೆ. ಸರ್ಕಾರಿ ಕಾಗದದ ಮೇಲೆ ಹಾಗೆ ಬರೆಯಬಾರದಿತ್ತು ಎನ್ನುವವರಿದ್ದಾರೆ. ಮಕ್ಕಳ ಕೊಲೆಯನ್ನು ಸಮರ್ಥಿಸುವವರ ಜೊತೆ ರಾಜ್ಯಕ್ಕೆ ಚರ್ಚೆಯೇ ಇಲ್ಲ ಎಂಬುದನ್ನು ಅಷ್ಟು ಚಿಕ್ಕದಾಗಿ ಬೇರೆ ಹೇಗೂ ಹೇಳಲಾಗುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ವಿಚಾರಣೆ ನಡೆದದ್ದು 1977ರ ನವೆಂಬರ್‌ನಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲೇ. ಚೇಂಬ್ಲಿಸ್‌ಗೆ ಆಗ 73 ವರ್ಷ. ಮೊಕದ್ದಮೆ ಡೆನಿಸ್ ಮೆಕ್‌ನೇರ್ ಒಬ್ಬಳ ಕೊಲೆಯದು. ಜ್ಯೂರಿಯಲ್ಲಿ ಒಂಬತ್ತು ಬಿಳಿಯರು, ಮೂವರು ಕಪ್ಪು ಜನ. ಸ್ಫೋಟದ ಹಿಂದಿನ ರಾತ್ರಿ ಎರಡರ ಸುಮಾರಿಗೆ ಚರ್ಚ್ ಬಳಿ ನಿಂತಿದ್ದ ಕಾರನ್ನೂ ಅದರಲ್ಲಿದ್ದವರನ್ನೂ ಕಂಡಿದ್ದ ಮಹಿಳೆಯೊಬ್ಬರು ಡೆಟ್ರಾಯಿಟ್‌ನಿಂದ ಬಂದು ಸಾಕ್ಷಿ ನುಡಿದರು. ಆದರೆ ಪ್ರಕರಣ ನಿಂತದ್ದು ಎಲಿಜಬೆತ್ ಕಾಬ್ಸ್ ಅವರ ಮಾತಿನ ಮೇಲೆ. ಆಕೆ ಚೇಂಬ್ಲಿಸ್‌ನ ಹೆಂಡತಿಯ ಕಡೆಯ ಹುಡುಗಿ, ಅವನ ಮನೆಯಲ್ಲಿ ಓಡಾಡಿ ಬೆಳೆದವಳು. ಸ್ಫೋಟದ ಹಿಂದಿನ ಶನಿವಾರ ಅವನು ಭಾನುವಾರ ಬೆಳಗಾಗಲಿ, ಆಮೇಲೆ ನೋಡು ಎಂಬ ಅರ್ಥದ ಮಾತಾಡಿದ್ದನ್ನೂ, ಮರುವಾರ ಟಿವಿಯಲ್ಲಿ ಸುದ್ದಿ ನೋಡುತ್ತ ಯಾರಿಗೂ ನೋವಾಗಬೇಕೆಂದು ಇಟ್ಟದ್ದಲ್ಲ, ಸಿಡಿಯಬೇಕಾದಾಗ ಸಿಡಿಯಲಿಲ್ಲ ಎಂದು ಗೊಣಗಿಕೊಂಡದ್ದನ್ನೂ ಆಕೆ ನ್ಯಾಯಾಲಯದಲ್ಲಿ ಹೇಳಿದರು.

ಮನೆಯವರ ವಿರುದ್ಧ ಮನೆಯವರೇ ಸಾಕ್ಷಿಕಟ್ಟೆ ಹತ್ತುವುದು ಎಂಥದ್ದು ಎಂದು ನಾನು ಕಂಡಿದ್ದೇನೆ. ಒಂದು ಕೊಲೆ ಪ್ರಕರಣದಲ್ಲಿ ಆರೋಪಿಯ ಸೊಸೆ ನನ್ನ ಮುಖ್ಯ ಸಾಕ್ಷಿಯಾಗಿದ್ದರು. ಎರಡು ವಾಯಿದೆಗಳಲ್ಲಿ ಬಂದು ಕೂತು, ಮೂರನೆಯ ವಾಯಿದೆಯಲ್ಲಿ ನನ್ನ ಮುಖ ನೋಡದೆ, ಪೊಲೀಸರು ಬರೆದುಕೊಂಡದ್ದು ನಾನು ಹೇಳಿದ್ದಲ್ಲ ಎಂದುಬಿಟ್ಟರು. ಪ್ರತಿಕೂಲ ಸಾಕ್ಷಿ ಎಂದು ಘೋಷಿಸಲು ನಾನು ಎದ್ದು ನಿಂತಾಗ ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆಕೆಯ ಮೇಲೆ ನನಗೆ ಕೋಪವಿಲ್ಲ. ಆಕೆ ಸಂಜೆ ಅದೇ ಮನೆಗೆ ಹೋಗಬೇಕಿತ್ತು. ಎಲಿಜಬೆತ್ ಕಾಬ್ಸ್ ಕೊನೆಯವರೆಗೂ ಮಾತು ತಪ್ಪಲಿಲ್ಲ. ಆ ಮೊಕದ್ದಮೆಯ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಆಕೆಗೆ ಸಲ್ಲಬೇಕು.

ನವೆಂಬರ್ 17ರಂದು ಬ್ಯಾಕ್ಸ್‌ಲಿ ಕೊನೆಯ ವಾದ ಮಂಡಿಸಿದರು. ಅಂದು ಡೆನಿಸ್‌ಳ ಹುಟ್ಟುಹಬ್ಬ, ಬದುಕಿದ್ದರೆ 26 ತುಂಬುತ್ತಿತ್ತು. ಅದನ್ನು ಅವರು ಜ್ಯೂರಿಗೆ ನೆನಪಿಸಿದರು. ಡೆನಿಸ್‌ಳ ತಂದೆ ಕ್ರಿಸ್ ಮೆಕ್‌ನೇರ್ ಛಾಯಾಗ್ರಾಹಕರು. ಗೊಂಬೆಯನ್ನು ಅಪ್ಪಿಕೊಂಡು ನಿಂತ ಮಗಳ ಚಿತ್ರವೊಂದನ್ನು ಅವರು ತೆಗೆದಿದ್ದರು, ಲೋಕ ಆ ಹುಡುಗಿಯನ್ನು ಗುರುತಿಸುವುದು ಅದರಿಂದಲೇ. ವಿಚಾರಣೆಯ ಹೊತ್ತಿಗೆ ಆ ತಂದೆ ಅಲಬಾಮಾ ಶಾಸನಸಭೆಯ ಸದಸ್ಯರೂ ಆಗಿದ್ದರು. ಯಾರಿಗೆ ಮತವಿತ್ತು ಎಂದು ಮೊದಲು ಹೇಳಿದೆನಲ್ಲ, ಅದು ಇದೇ. ಮರುದಿನ, ನವೆಂಬರ್ 18ರಂದು, ಜ್ಯೂರಿ ಚೇಂಬ್ಲಿಸ್ ತಪ್ಪಿತಸ್ಥ ಎಂದಿತು. ಜೀವಾವಧಿ ಶಿಕ್ಷೆಯಾಯಿತು. ಕೊನೆಯವರೆಗೂ ತಪ್ಪೊಪ್ಪಿಕೊಳ್ಳದೆ 1985ರಲ್ಲಿ ಸೆರೆಯಲ್ಲಿರುವಾಗಲೇ ಸತ್ತ.

ಇನ್ನು ರಾಜಕೀಯ. ತೀರ್ಪಾಗಿ ಒಂದು ವರ್ಷವೂ ಕಳೆದಿರಲಿಲ್ಲ, 1978ರ ಗವರ್ನರ್ ಚುನಾವಣೆ ಬಂತು. ಅಲಬಾಮಾದಲ್ಲಿ ಆಗ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆ, ಅಂದರೆ ಪ್ರೈಮರಿ, ಗೆದ್ದವರೇ ಗವರ್ನರ್ ಎಂಬಂತಿತ್ತು. ಬ್ಯಾಕ್ಸ್‌ಲಿ, ಮಾಜಿ ಗವರ್ನರ್ ಆಲ್ಬರ್ಟ್ ಬ್ರೂವರ್, ಲೆಫ್ಟಿನೆಂಟ್ ಗವರ್ನರ್ (ಉಪ ಗವರ್ನರ್) ಜೆರಿ ಬೀಸ್ಲಿ, ಈ ಮೂವರ ನಡುವೆಯೇ ಸ್ಪರ್ಧೆ ಎಂದು ಎಲ್ಲರೂ ತಿಳಿದಿದ್ದರು. ಆದರೆ ಜನ ಹೊಸಮುಖ ಬಯಸಿದರು. ಫಾಬ್ ಜೇಮ್ಸ್ ಎಂಬ ಉದ್ಯಮಿ ಮೊದಲ ಸುತ್ತಿನಲ್ಲಿ ಮುಂದೆ ಬಂದರು, ಎರಡನೆಯ ಸುತ್ತಿನಲ್ಲಿ ಬ್ಯಾಕ್ಸ್‌ಲಿಯನ್ನು ಸೋಲಿಸಿದರು. ಚೇಂಬ್ಲಿಸ್‌ಗೆ ಶಿಕ್ಷೆ ಕೊಡಿಸಿದ್ದೇ ಸೋಲಿಗೆ ಕಾರಣ ಎಂದು ಹಲವರು ಬರೆಯುತ್ತಾರೆ. ಅದೊಂದೇ ಕಾರಣ ಎನ್ನಲು ನನಗೆ ಮನಸ್ಸಾಗುವುದಿಲ್ಲ, ಹಳೆಯ ಮುಖಗಳ ಮೇಲಿನ ಬೇಸರ ಎದ್ದು ಕಾಣುತ್ತಿತ್ತು. ಆದರೆ ಆ ತೀರ್ಪು ಬಿಳಿಯ ಮತಗಳನ್ನು ತಂದುಕೊಡಲಿಲ್ಲ ಎಂಬುದಂತೂ ಖಂಡಿತ. ನಿಮ್ಮ ಮೊದಲ ಪ್ರಶ್ನೆಗೆ ಇಷ್ಟು ಸಾಕು.

1982ರಲ್ಲಿ ಬ್ಯಾಕ್ಸ್‌ಲಿ ಲೆಫ್ಟಿನೆಂಟ್ ಗವರ್ನರ್ ಆಗಿ ಗೆದ್ದರು. 1986ರಲ್ಲಿ ಮತ್ತೆ ಗವರ್ನರ್ ಹುದ್ದೆಗೆ ಸ್ಪರ್ಧಿಸಿದರು. ಈ ಚುನಾವಣೆಯನ್ನು ನೀವು ತಪ್ಪದೆ ಅಭ್ಯಾಸ ಮಾಡಬೇಕು, ಏಕೆಂದರೆ ಎದುರಾಳಿಯೂ ಅಭಿಯೋಜಕರೇ. ಚಾರ್ಲ್ಸ್ ಗ್ರಾಡಿಕ್ ಮೊಬೀಲ್ ನಗರದ ಡಿಸ್ಟ್ರಿಕ್ಟ್ ಅಟಾರ್ನಿಯಾಗಿದ್ದು, ಬ್ಯಾಕ್ಸ್‌ಲಿ ತೆರವು ಮಾಡಿದ ಅಟಾರ್ನಿ ಜನರಲ್ ಹುದ್ದೆಗೆ ಬಂದವರು. ಎರಡನೆಯ ಸುತ್ತಿನಲ್ಲಿ ಗ್ರಾಡಿಕ್ ಒಂಬತ್ತು ಸಾವಿರಕ್ಕೂ ಕಡಿಮೆ ಮತಗಳಿಂದ ಗೆದ್ದರು. ಅಲ್ಲಿಗೆ ಮುಗಿಯಲಿಲ್ಲ. ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕಿದವರು ಡೆಮಾಕ್ರಟಿಕ್ ಪಕ್ಷದ ಎರಡನೆಯ ಸುತ್ತಿನಲ್ಲಿ ಮತ ಹಾಕುವಂತಿಲ್ಲ ಎಂಬುದು ಪಕ್ಷದ ನಿಯಮ. ಗ್ರಾಡಿಕ್ ಅಟಾರ್ನಿ ಜನರಲ್ ಆಗಿದ್ದುಕೊಂಡೇ, ಅಂಥವರು ಬಂದು ಮತ ಹಾಕಬಹುದು ಎಂಬ ಸಂದೇಶ ಕೊಟ್ಟರು. ಇದರಿಂದ ಮತದಾನ ಹಕ್ಕು ಕಾಯ್ದೆಯ ಉಲ್ಲಂಘನೆಯಾಗಿದೆ ಎಂದು ಫೆಡರಲ್ ನ್ಯಾಯಾಲಯ ಹೇಳಿತು. ಪಕ್ಷದ ಸಮಿತಿ ಬ್ಯಾಕ್ಸ್‌ಲಿಯನ್ನೇ ಅಭ್ಯರ್ಥಿ ಎಂದು ಘೋಷಿಸಿತು.

ಕಾನೂನಿನ ದೃಷ್ಟಿಯಲ್ಲಿ ಸಮಿತಿಯ ತೀರ್ಮಾನಕ್ಕೆ ಆಧಾರವಿತ್ತು. ಜನರ ಕಣ್ಣಿಗೆ ಕಂಡದ್ದೇ ಬೇರೆ: ಹೆಚ್ಚು ಮತ ಪಡೆದವನನ್ನು ಬದಿಗಿಟ್ಟು ಕಡಿಮೆ ಮತ ಪಡೆದವನನ್ನು ಕೂರಿಸಿದರು. ನವೆಂಬರ್‌ನಲ್ಲಿ ಗೈ ಹಂಟ್ ಎಂಬ ಬ್ಯಾಪ್ಟಿಸ್ಟ್ ಬೋಧಕ, ಗೆಲ್ಲುತ್ತಾರೆಂದು ಯಾರೂ ಎಣಿಸಿರದ ರಿಪಬ್ಲಿಕನ್ ಅಭ್ಯರ್ಥಿ, ನೂರಕ್ಕೆ 56ರಷ್ಟು ಮತ ಪಡೆದರು. 112 ವರ್ಷಗಳಲ್ಲಿ ಅಲಬಾಮಾಕ್ಕೆ ಮೊದಲ ರಿಪಬ್ಲಿಕನ್ ಗವರ್ನರ್. ಬ್ಯಾಕ್ಸ್‌ಲಿ ವಕೀಲಿಗೆ ಮರಳಿದರು. ಹಲವು ವರ್ಷಗಳ ನಂತರ, 2016ರಲ್ಲಿ, ರಾಜ್ಯ ವಿಧಾನಸಭೆಯ ರಿಪಬ್ಲಿಕನ್ ಸ್ಪೀಕರ್ ಮೈಕ್ ಹಬ್ಬರ್ಡ್ ಭ್ರಷ್ಟಾಚಾರದ ವಿಚಾರಣೆ ಎದುರಿಸಿದಾಗ ಅವರ ಪರ ವಾದಿಸಿದವರಲ್ಲಿ ಬ್ಯಾಕ್ಸ್‌ಲಿ ಪ್ರಮುಖರು. ಜ್ಯೂರಿ 12 ಆರೋಪಗಳಲ್ಲಿ ಹಬ್ಬರ್ಡ್ ತಪ್ಪಿತಸ್ಥ ಎಂದಿತು. ಬದುಕಿಡೀ ಒಂದೇ ಕಡೆ ನಿಂತವರಲ್ಲ ಅವರು. ವಕೀಲರು ಹಾಗೆ ನಿಲ್ಲಬೇಕಾಗಿಯೂ ಇಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಚುನಾಯಿತ ಅಭಿಯೋಜಕರಿಂದ ಆಗುವ ಕೇಡನ್ನು ತಿಳಿಯಲು ಅದೇ ಅಲಬಾಮಾದ ಮನ್ರೋ ಕೌಂಟಿಗೆ ಹೋದರೆ ಸಾಕು. 1986ರಲ್ಲಿ ಅಲ್ಲಿ ಬಿಳಿಯ ಯುವತಿಯೊಬ್ಬಳ ಕೊಲೆಯಾಯಿತು. ತಿಂಗಳುಗಟ್ಟಲೆ ಆರೋಪಿ ಸಿಗಲಿಲ್ಲ, ಊರಿನ ಸಿಟ್ಟು ಅಧಿಕಾರಿಗಳ ಮೇಲೆ ತಿರುಗಿತು. ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ವ್ಯಕ್ತಿಯನ್ನು ಸುಳ್ಳು ಸಾಕ್ಷಿಯ ಬಲದಿಂದ ಸಿಕ್ಕಿಸಿ 1988ರಲ್ಲಿ ತಪ್ಪಿತಸ್ಥ ಎಂದರು. ಜ್ಯೂರಿ ಜೀವಾವಧಿ ಸಾಕು ಎಂದಿತ್ತು, ನ್ಯಾಯಾಧೀಶರು ಅದನ್ನು ಬದಿಗೊತ್ತಿ ಮರಣದಂಡನೆ ವಿಧಿಸಿದರು. ಆ ರಾಜ್ಯದಲ್ಲಿ ನ್ಯಾಯಾಧೀಶರೂ ಮತದಿಂದಲೇ ಬರುತ್ತಾರೆ, ಜ್ಯೂರಿಯ ಮಾತನ್ನು ಹಾಗೆ ಮೀರುವ ಅಧಿಕಾರ ಅವರಿಗೆ 2017ರವರೆಗೂ ಇತ್ತು. ಮೆಕ್‌ಮಿಲಿಯನ್ ನಿರ್ದೋಷಿಯಾಗಿ ಹೊರಬಂದದ್ದು 1993ರಲ್ಲಿ.

ಹಾಗಾದರೆ ನೇಮಕವೇ ಮೇಲೋ? ಚರ್ಚ್ ಪ್ರಕರಣವನ್ನು ಮುಚ್ಚಿಸಿದ ಹೂವರ್ ಜೀವಮಾನದಲ್ಲಿ ಒಂದು ಚುನಾವಣೆಗೂ ನಿಲ್ಲದ, ನೇಮಕಗೊಂಡ ಅಧಿಕಾರಿ. ಅದನ್ನು ಬಿಚ್ಚಿದವರು ಚುನಾಯಿತ ಅಟಾರ್ನಿ ಜನರಲ್. ನಮ್ಮಲ್ಲಿಯೂ ಸರ್ಕಾರ ಬದಲಾದಾಗಲೆಲ್ಲ ಅಭಿಯೋಜಕರ ಪಟ್ಟಿ ಬದಲಾಗುವುದನ್ನೂ, ಕೆಲವು ಮೊಕದ್ದಮೆಗಳನ್ನು ಹಿಂಪಡೆಯುವ ಅರ್ಜಿಗಳು ಬರುವುದನ್ನೂ ನೀವು ನೋಡಲಿದ್ದೀರಿ. ಹಿಂಪಡೆಯಲು ಅಭಿಯೋಜಕರು ಸ್ವತಂತ್ರವಾಗಿ ಯೋಚಿಸಿ ಒಪ್ಪಬೇಕು, ನ್ಯಾಯಾಲಯ ಅನುಮತಿಸಬೇಕು ಎಂಬುದು ಕಾನೂನು. ಆ ಅರ್ಜಿಯ ಮೇಲೆ ನಿಮ್ಮ ಸಹಿ ಕೇಳಿ ಯಾರಾದರೂ ಬಂದ ದಿನ, ನೇಮಕ ಒಳ್ಳೆಯದೋ ಚುನಾವಣೆ ಒಳ್ಳೆಯದೋ ಎಂಬ ಚರ್ಚೆ ನಿಮಗೆ ನೆರವಾಗುವುದಿಲ್ಲ. ನೀವೇನು ಮಾಡುತ್ತೀರಿ ಎಂಬುದಷ್ಟೇ ಉಳಿಯುತ್ತದೆ.

1977ರ ಆ ವಿಚಾರಣೆಯನ್ನು ನೋಡಲು ಡಗ್ ಜೋನ್ಸ್ ಎಂಬ ಕಾನೂನು ವಿದ್ಯಾರ್ಥಿ ತರಗತಿ ತಪ್ಪಿಸಿ ಬಂದು ಕೂರುತ್ತಿದ್ದ. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರು ಆತನನ್ನು ಉತ್ತರ ಅಲಬಾಮಾದ ಫೆಡರಲ್ ಅಭಿಯೋಜಕರನ್ನಾಗಿ ನೇಮಿಸಿದರು. ಕಾಲಮಿತಿಯ ಮಾತನ್ನು ನೆನಪಿಡಿ ಎಂದಿದ್ದೆನಲ್ಲ, ಅದು ಅಡ್ಡಬಂದದ್ದು ಇಲ್ಲೇ. ಕೇಂದ್ರದ ಕಾನೂನಿನಡಿ ಏನೂ ಮಾಡುವಂತಿರಲಿಲ್ಲ. ಜೋನ್ಸ್ ರಾಜ್ಯದ ವಿಶೇಷ ಅಭಿಯೋಜಕರಾಗಿ ನಿಂತು ಕೊಲೆಯ ಮೊಕದ್ದಮೆ ನಡೆಸಿದರು. 2001ರ ಮೇ 1ರಂದು ಬ್ಲಾಂಟನ್‌ಗೆ, 2002ರ ಮೇ 22ರಂದು ಚೆರ್ರಿಗೆ ಶಿಕ್ಷೆಯಾಯಿತು. 2017ರ ಡಿಸೆಂಬರ್‌ನಲ್ಲಿ ಜೋನ್ಸ್, ರಿಪಬ್ಲಿಕನ್ ಅಭ್ಯರ್ಥಿ ರಾಯ್ ಮೂರ್ ಅವರನ್ನು ಸುಮಾರು 22,000 ಮತಗಳಿಂದ ಸೋಲಿಸಿ ಸೆನೆಟರ್ ಆದರು. ತೆರವಾಗಿದ್ದ ಆ ಸ್ಥಾನ ಜೆಫ್ ಸೆಷನ್ಸ್ ಅವರದು, ಅವರೂ ಒಂದು ಕಾಲದ ಅಲಬಾಮಾ ಅಟಾರ್ನಿ ಜನರಲ್. ಅಂದು ಜೋನ್ಸ್‌ರನ್ನು ದಡ ಸೇರಿಸಿದ್ದು ಒಗ್ಗಟ್ಟಾಗಿ ಬಂದು ಮತ ಹಾಕಿದ ಕಪ್ಪು ಜನ, ಅದರಲ್ಲೂ ಮಹಿಳೆಯರು. 2020ರಲ್ಲಿ ದೊಡ್ಡ ಅಂತರದಿಂದ ಸೋತರು.

ಬ್ಲಾಂಟನ್ ವಿಚಾರಣೆಯಲ್ಲಿ ಜ್ಯೂರಿಗೆ ಒಂದು ಧ್ವನಿಮುದ್ರಣ ಕೇಳಿಸಿದರು. 1964ರಲ್ಲಿ ಎಫ್‌ಬಿಐ ಅವನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಜಾಗದ ಕೆಳಗೆ ಅಡಗಿಸಿಟ್ಟಿದ್ದ ಮೈಕಿನಲ್ಲಿ ದಾಖಲಾದದ್ದು. ಬಾಂಬ್ ವಿಷಯವಾಗಿ ಹೆಂಡತಿಯೊಡನೆ ಅವನು ಆಡಿದ ಮಾತು ಅದರಲ್ಲಿತ್ತು. ಬಾಬ್ ಎಡ್ಡಿ ಎಫ್‌ಬಿಐ ಕಚೇರಿಯಲ್ಲಿ ಕುಳಿತು ಕಾಗದ ತಿರುವುತ್ತಿದ್ದಾಗ ಆ ಟೇಪ್‌ಗಳಿವೆ ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಬ್ಲಾಂಟನ್ ತಪ್ಪಿತಸ್ಥ ಎಂದು ತೀರ್ಪಾದ ಎರಡೇ ದಿನಕ್ಕೆ ಬ್ಯಾಕ್ಸ್‌ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಲೇಖನ ಬರೆದು ಎಫ್‌ಬಿಐ ಸಾಕ್ಷ್ಯವನ್ನು ಏಕೆ ತಡೆಹಿಡಿಯಿತು ಎಂದು ಕೇಳಿದರು. ಎರಡು ಚುನಾವಣೆ ಸೋತಿದ್ದ ಆ ಮನುಷ್ಯನ ಸಿಟ್ಟು ಇದ್ದದ್ದು ಟೇಪಿನ ಮೇಲೆ. ಅದು ಕೈಗೆ ಸಿಕ್ಕಿದ್ದರೆ ಬ್ಲಾಂಟನ್ 1977ರಲ್ಲೇ ಕಟಕಟೆಯಲ್ಲಿ ನಿಲ್ಲುತ್ತಿದ್ದ. 24 ವರ್ಷ ಹೆಚ್ಚಾಗಿ ಅವನು ಹೊರಗೆ ಓಡಾಡಿದ. ಹರ್ಮನ್ ಕ್ಯಾಶ್ ಅಂತೂ 1994ರಲ್ಲಿ, ಒಂದು ದಿನವೂ ವಿಚಾರಣೆ ಎದುರಿಸದೆ, ಸತ್ತುಹೋಗಿದ್ದ.